ಕೈ ಅಲುಗದಿದ್ದರೂ ಮಿದುಳು ದುಡಿಯುತ್ತದೆ

ಮಿದುಳು ಕೆಲಸಕ್ಕೆ ತೊಡಗಿದರೆ ಅದರ ವಿದ್ಯುತ್ ಅಲೆಗಳು ಜೋರಾಗುತ್ತವೆ ಎಂದೇ ಹೆಚ್ಚಿನವರ ಎಣಿಕೆ. ಕೈಕಾಲು ಆಡಿಸುವಾಗ ನಡೆಯುವುದು ಇದಕ್ಕೆ ತದ್ವಿರುದ್ಧ. ಬಲಗೈಯ ಬೆರಳು ಮಡಚಬೇಕೆಂದು ಹೊರಟರೆ, ಬೆರಳು ಅಲುಗುವುದಕ್ಕೆ ಸುಮಾರು ಎರಡು ಸೆಕೆಂಡು ಮೊದಲೇ ಎಡಮಿದುಳಿನ ಒಂದು ಭಾಗದಲ್ಲಿ ಅಲೆ ತಗ್ಗತೊಡಗುತ್ತದೆ. ಬೆರಳನ್ನು ಮಡಚದೆ, ಮಡಚುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಅನುಭವಿಸಿದರೂ ಅದೇ ಜಾಗದಲ್ಲಿ ಅದೇ ಅಲೆ ತಗ್ಗುತ್ತದೆ. ಪಾರ್ಶ್ವವಾಯು ಬಡಿದು ಕೈ ಸೋತವರು ಇರುವ ಮನೆಗಳಿಗೆ ಈ ಸಂಗತಿ ತಲುಪಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ವಿಷಯ ತುಸು ಜಟಿಲ, ಆದರೆ ಬಿಡಿಸಲಾಗದ ಗಂಟಲ್ಲ.

ಕಾಸರಗೋಡಿನ ಕಡೆಯವರು ನರರೋಗದ ತಪಾಸಣೆಗೆಂದು ತಲಪಾಡಿ ದಾಟಿ ಮಂಗಳೂರಿಗೋ ದೇರಳಕಟ್ಟೆಗೋ ಹೋಗುವುದು ಹಳೆಯ ರೂಢಿ. ವೈದ್ಯರು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಬರೆದುಕೊಟ್ಟರೆ ಅದರ ಜತೆಗೆ ಒಂದು ಸೂಚನೆಯೂ ಬರುತ್ತದೆ: ತಲೆಗೆ ಎಣ್ಣೆ ಹಾಕದೆ, ಚೆನ್ನಾಗಿ ತೊಳೆದುಕೊಂಡು ಬನ್ನಿ. ತೆಂಗಿನೆಣ್ಣೆ ಹಚ್ಚದೆ ತಲೆ ಬಾಚದ ನಮ್ಮ ಅಜ್ಜಿಯಂದಿರಿಗೆ ಇದು ಕಷ್ಟದ ಮಾತು. ಕಾರಣ ಸರಳ. ನೆತ್ತಿಯ ಮೇಲೆ ಸಿಗುವ ವಿದ್ಯುತ್ತು ಹತ್ತರಿಂದ ನೂರು ಮೈಕ್ರೋವೋಲ್ಟಿನಷ್ಟು. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಚರ್ಮಕ್ಕೂ ಅದರ ಮೇಲೆ ಕೂರಿಸುವ ಲೋಹದ ಬಿಲ್ಲೆಗೂ ನಡುವೆ ಎಣ್ಣೆಯ ಪದರ ನಿಂತರೆ ಅಷ್ಟು ಸಣ್ಣ ಸಂಕೇತ ದಾಟಿ ಬರಲಾರದು.

ಇಇಜಿ ತೆಗೆಯುವ ಕೋಣೆಯಲ್ಲಿ ಮೊದಲು ನಡೆಯುವುದು ಅಳತೆ. ಹುಬ್ಬುಗಳ ನಡುವೆ ಮೂಗು ಶುರುವಾಗುವ ತಗ್ಗಿನಿಂದ ತಲೆಯ ಹಿಂಬದಿಯ ಉಬ್ಬುಮೂಳೆಯವರೆಗೆ ಟೇಪು ಹಿಡಿಯುತ್ತಾರೆ, ಆಮೇಲೆ ಕಿವಿಯ ಮುಂಭಾಗದಿಂದ ಇನ್ನೊಂದು ಕಿವಿಯ ಮುಂಭಾಗದವರೆಗೆ. ಎರಡೂ ಗೆರೆಗಳ ನಡುಬಿಂದು ಕೂಡುವಲ್ಲಿ, ಸರಿಯಾಗಿ ನಡುನೆತ್ತಿಯ ಮೇಲೆ, ಪೆನ್ಸಿಲಿನ ಗುರುತು ಬೀಳುತ್ತದೆ. ಬಿಲ್ಲೆ ಕೂರಿಸುವ ಉಳಿದ ಬಿಂದುಗಳೆಲ್ಲ ಈ ಅಳತೆಯ ಶೇಕಡ 10 ಮತ್ತು 20ರ ಲೆಕ್ಕದಲ್ಲಿ. 1958ರಲ್ಲಿ ನರವಿಜ್ಞಾನಿ ಹರ್ಬರ್ಟ್ ಜಾಸ್ಪರ್ ಈ ಪದ್ಧತಿಯನ್ನು ಮುಂದಿಟ್ಟರು. ಇಂದಿಗೂ ಜಗತ್ತಿನ ಹೆಚ್ಚಿನ ಆಸ್ಪತ್ರೆಗಳ ಲೆಕ್ಕಾಚಾರ ಇದೇ. ಕಿವಿಯಿಂದ ಕಿವಿಗೆ 35 ಸೆಂಟಿಮೀಟರ್ ಇರುವ ತಲೆಯಲ್ಲಿ, ನಡುನೆತ್ತಿಯಿಂದ ಎಡಕ್ಕೆ 7 ಸೆಂಟಿಮೀಟರ್ ಸರಿದರೆ ಸಿ3 ಎಂಬ ಬಿಂದು, ಬಲಕ್ಕೆ ಅಷ್ಟೇ ಸರಿದರೆ ಸಿ4. ಸಿ3ರ ಅಡಿಯಲ್ಲಿ ಬಲಗೈಯನ್ನು ಆಳುವ ಮಿದುಳಿನ ಭಾಗವಿದೆ, ಸಿ4ರ ಅಡಿಯಲ್ಲಿ ಎಡಗೈಯದ್ದು. ಕಾಲಿನ ಜಾಗ ನಡುನೆತ್ತಿಯ ಕೆಳಗೆ, ಮಿದುಳಿನ ಎರಡು ಹೋಳುಗಳ ನಡುವಿನ ಸೀಳಿನೊಳಕ್ಕೆ ಇಳಿದುಕೊಂಡಿದೆ. ಕೈಯ ಹಾಗೂ ಕಾಲಿನ ಜಾಗಗಳ ನಡುವಿನ ಈ ಅಂತರ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ನರಕೋಶದ ಸದ್ದು ತಲೆಬುರುಡೆಯನ್ನು ದಾಟಿ ಬರುವುದಿಲ್ಲ. ಸಾವಿರಾರು ಕೋಶಗಳು ಒಂದೇ ಲಯದಲ್ಲಿ ಏರಿಳಿದಾಗ ಮಾತ್ರ ಹೊರಗೆ ಅಲೆ ಕಾಣಿಸುತ್ತದೆ. ನಮ್ಮ ಊರಿನ ಭಜನಾ ಮಂದಿರವನ್ನು ನೆನೆಯಿರಿ. ಒಳಗೆ ಎಲ್ಲರೂ ಒಂದೇ ತಾಳಕ್ಕೆ ಭಜನೆ ಹೇಳುತ್ತಿದ್ದರೆ ದೂರದ ಗದ್ದೆಯ ಬದುವಿನಲ್ಲಿ ನಿಂತವರಿಗೂ ಆ ತಾಳ ಕೇಳುತ್ತದೆ. ಭಜನೆ ಮುಗಿದು ಒಬ್ಬರು ಪ್ರಸಾದ ಹಂಚುತ್ತ, ಇನ್ನೊಬ್ಬರು ಚಾಪೆ ಮಡಚುತ್ತ, ಮತ್ತೊಬ್ಬರು ಲೆಕ್ಕ ನೋಡುತ್ತ ಇದ್ದರೆ ಒಳಗಿನ ಕೆಲಸ ಹೆಚ್ಚಾಗಿದೆ, ಹೊರಗೆ ಕೇಳುವ ತಾಳ ಮಾತ್ರ ಇಲ್ಲ. ಕೈಯ ಜಾಗದ ನರಕೋಶಗಳದ್ದೂ ಇದೇ ಬಗೆ. ಕೈ ಸುಮ್ಮನಿದ್ದಾಗ ಅವು ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಜತೆ ಸೇರಿ ಸೆಕೆಂಡಿಗೆ 8ರಿಂದ 13 ಬಾರಿ ಒಟ್ಟಾಗಿ ಮಿಡಿಯುತ್ತವೆ. ಕೈಗೆ ಕೆಲಸ ಬಂದೊಡನೆ ಒಂದು ಗುಂಪು ಹೆಬ್ಬೆರಳಿಗೆ, ಒಂದು ಮಣಿಕಟ್ಟಿಗೆ, ಒಂದು ಹಿಡಿತದ ಬಿಗಿಗೆ ಎಂದು ಹಂಚಿಹೋಗುತ್ತವೆ. ಒಕ್ಕೊರಲು ಮುರಿಯುತ್ತದೆ, ಕಾಗದದ ಮೇಲಿನ ಅಲೆ ಚಪ್ಪಟೆಯಾಗುತ್ತದೆ.

ಇದನ್ನು ಮೊದಲು ಕಂಡದ್ದು ಕಣ್ಣಿನ ವಿಷಯದಲ್ಲಿ. ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿಗೆ ಈ ವಿದ್ಯುತ್ತನ್ನು ದಾಖಲಿಸಿದರು. ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಸ್ವಂತ ಮಗನ ತಲೆಗೂ ತಂತಿ ಜೋಡಿಸಿ ನೋಡಿದ್ದ ಮನುಷ್ಯ ಅವರು. ಕಣ್ಣು ಮುಚ್ಚಿ ಸುಮ್ಮನೆ ಕುಳಿತವರ ತಲೆಯ ಹಿಂಬದಿಯಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸಿನ ದೊಡ್ಡ ಅಲೆ; ಕಣ್ಣು ತೆರೆದರೆ ಅದು ಮಾಯ; ಕಣ್ಣು ಮುಚ್ಚಿಕೊಂಡೇ ಕಷ್ಟದ ಲೆಕ್ಕ ಮಾಡಿದರೂ ಕುಗ್ಗುತ್ತದೆ. ಅದಕ್ಕೆ ಅವರಿಟ್ಟ ಹೆಸರು ಆಲ್ಫಾ. ಹಲವು ವರ್ಷ ಯಾರೂ ನಂಬಲಿಲ್ಲ. ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ಅದನ್ನೇ ಮಾಡಿ ತೋರಿಸಿದ ಮೇಲೆ ನಂಬಿಕೆ ಹುಟ್ಟಿತು.

ಕೈಯ ಅಲೆಗೆ ಹೆಸರು ಬೇರೆ: ಮ್ಯೂ. ವೇಗ ಆಲ್ಫಾದ್ದೇ, ಜಾಗ ಮಾತ್ರ ಬೇರೆ. ಕಣ್ಣು ತೆರೆದರೆ ಹೋಗುವುದಿಲ್ಲ, ಕೈ ಆಡಿಸಿದರೆ ಹೋಗುತ್ತದೆ. ಫ್ರಾನ್ಸಿನ ಆನ್ರಿ ಗಾಸ್ತೋ 1950ರ ದಶಕದ ಆರಂಭದಲ್ಲಿ ಇದನ್ನು ವಿವರವಾಗಿ ಬರೆದರು. ಅವರು ಕಂಡ ಒಂದು ಸಂಗತಿ ನನಗೆ ಇಂದಿಗೂ ರೋಮಾಂಚನ ತರುತ್ತದೆ. 1954ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಜನರನ್ನು ಕೂರಿಸಿ ಸಿನೆಮಾ ತೋರಿಸುತ್ತ ಇಇಜಿ ತೆಗೆದರು. ಪರದೆಯ ಮೇಲೆ ಬಾಕ್ಸಿಂಗ್ ಬಂದು, ನೋಡುವವನು ಆ ಆಟಗಾರನಲ್ಲಿ ತನ್ನನ್ನೇ ಕಂಡುಕೊಂಡಾಗ, ಅಲುಗದೆ ಕುಳಿತಿದ್ದವನ ಮ್ಯೂ ಅಲೆ ಅಡಗಿತು. ತೆಂಕುತಿಟ್ಟು ಯಕ್ಷಗಾನದ ಧೀಂಗಿಣ ನೋಡುತ್ತ ಕುರ್ಚಿಯಲ್ಲಿ ಮೈ ಬಿಗಿಹಿಡಿದು ಕುಳಿತುಕೊಳ್ಳುವ ನಮ್ಮವರಿಗೆ ಇದು ಅರ್ಥವಾಗದ ಮಾತಲ್ಲ. ಬ್ಯಾಲೆ ನೃತ್ಯಗಾರರನ್ನೂ ಬ್ರೆಜಿಲಿನ ಕಪೋಯೆರಾ ಕಲಿತವರನ್ನೂ ಇಟ್ಟುಕೊಂಡು ಲಂಡನ್ನಿನಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಸ್ಕ್ಯಾನಿಂಗ್ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನೋಡುವವರ ಮಿದುಳಿನ ಚಲನೆಯ ಭಾಗ ಹೆಚ್ಚು ಸ್ಪಂದಿಸಿದ್ದು ತಾವು ಸ್ವತಃ ಕಲಿತ ಕುಣಿತಕ್ಕೆ.

ಮ್ಯೂ ಜತೆಗೆ ಇನ್ನೊಂದು ಲಯವೂ ಇದೆ, ಬೀಟಾ: ಸೆಕೆಂಡಿಗೆ 13ರಿಂದ 30. ಇದರ ಸ್ವಭಾವ ಬೇರೆ. ಚಲನೆಗೆ ಮೊದಲು ಇದೂ ತಗ್ಗುತ್ತದೆ, ಆದರೆ ಚಲನೆ ಮುಗಿದು ಅರ್ಧದಿಂದ ಒಂದು ಸೆಕೆಂಡಿನೊಳಗೆ ಮೊದಲಿಗಿಂತಲೂ ಎತ್ತರಕ್ಕೆ ಪುಟಿಯುತ್ತದೆ. ಮ್ಯೂ ಮರಳಿ ಬರಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಹಿಡಿದ ಹಿಡಿತವನ್ನು ಹಾಗೇ ಉಳಿಸಿಕೊಳ್ಳುವಾಗ ಬೀಟಾ ಗಟ್ಟಿಯಾಗಿರುತ್ತದೆ, ಬದಲಾಯಿಸಬೇಕಾದಾಗ ಇಳಿಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಆಳದ ನರಕೋಶಗಳ ಗುಂಪುಗಳಲ್ಲಿ ಈ ಬೀಟಾ ವಿಪರೀತ ಹೆಚ್ಚಿರುತ್ತದೆ. ಎದ್ದು ನಡೆಯಬೇಕೆಂದರೂ ಕಾಲು ಕದಲದ ಆ ಪರದಾಟಕ್ಕೂ ಇದಕ್ಕೂ ನಂಟಿದೆ. ಲೆವೊಡೋಪಾ ಗುಳಿಗೆ ಕೆಲಸ ಮಾಡಿದಾಗ, ಅಥವಾ ಆಳಕ್ಕೆ ಇಳಿಸಿದ ತಂತಿಯಿಂದ ವಿದ್ಯುತ್ ಪ್ರಚೋದನೆ ಕೊಟ್ಟಾಗ, ಬೀಟಾ ತಗ್ಗುತ್ತದೆ, ಮೈ ಸಡಿಲಾಗುತ್ತದೆ.

ಇನ್ನು ಕಲ್ಪನೆಯ ಚಲನೆ. ನನಗೆ ಹೆಚ್ಚು ಹೇಳಬೇಕಾದದ್ದು ಇಲ್ಲಿಯೇ.

ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ ಗೆರ್ಟ್ ಫುರ್ಟ್‌ಷೆಲ್ಲರ್ 1970ರ ದಶಕದಿಂದ ಈ ಅಲೆಗಳ ಇಳಿತವನ್ನು ಲೆಕ್ಕ ಹಾಕುವ ಕ್ರಮವನ್ನು ಕಟ್ಟಿದರು. ಚಲನೆಗೆ ಮೊದಲಿನ ಶಾಂತ ಹೊತ್ತಿನಲ್ಲಿ ಅಲೆಯ ಬಲ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಶೇಕಡ ಎಷ್ಟು ಕಡಿಮೆ? ಇಷ್ಟೇ ಲೆಕ್ಕ. ಒಂದು ಸಲದ ಅಲೆಯಲ್ಲಿ ಗದ್ದಲ ಹೆಚ್ಚು, ಹಾಗಾಗಿ ಒಂದೇ ಕೆಲಸವನ್ನು ಹಲವಾರು ಬಾರಿ ಮಾಡಿಸಿ ಸರಾಸರಿ ತೆಗೆಯುತ್ತಾರೆ. ಅವರೂ ಕ್ರಿಸ್ತಾ ನೊಯ್ಪರ್ ಅವರೂ 1997ರಲ್ಲಿ ತೋರಿಸಿದ್ದು ಇದು: ಬಲಗೈ ಆಡಿಸುವುದನ್ನು ಕಲ್ಪಿಸಿಕೊಂಡರೆ ಸಿ3ರ ಬಳಿ, ಎಡಗೈಯದ್ದನ್ನು ಕಲ್ಪಿಸಿಕೊಂಡರೆ ಸಿ4ರ ಬಳಿ ಅಲೆ ಇಳಿಯುತ್ತದೆ. ನಿಜವಾಗಿ ಆಡಿಸಿದಾಗಿನಷ್ಟು ಇಳಿತ ಸಾಮಾನ್ಯವಾಗಿ ಇರುವುದಿಲ್ಲ, ಜಾಗ ಮಾತ್ರ ಅದೇ. ಇನ್ನೊಂದು ಸೊಗಸೂ ಸಿಕ್ಕಿತು. ಕಾಲು ಆಡಿಸುವುದನ್ನು ಕಲ್ಪಿಸಿಕೊಂಡಾಗ ಕೆಲವರಲ್ಲಿ ಕೈಯ ಜಾಗದ ಮ್ಯೂ ಏರುತ್ತದೆ. ಕಾಲಿಗೆ ಸರದಿ ಬಂದಾಗ ಕೈಯ ಭಾಗವನ್ನು ಸುಮ್ಮನಿರಿಸಿದ ಹಾಗೆ.

ಎಲ್ಲ ಕಲ್ಪನೆಯೂ ಒಂದೇ ಅಲ್ಲ. ಚೆಂಡೆ ಕಲಿಯುವ ಹುಡುಗನೊಬ್ಬ ರಂಗಸ್ಥಳದ ಬದಿಯಲ್ಲಿ ನಿಂತು ಬಾರಿಸುವ ತನ್ನನ್ನು ದೂರದಿಂದ ಚಿತ್ರದಂತೆ ನೋಡಿಕೊಳ್ಳಬಹುದು. ಇಲ್ಲವೇ ಕೋಲು ಬೆರಳ ಸಂದಿಯಲ್ಲಿ ಕೂತ ಬಗೆ, ಪೆಟ್ಟು ಬೀಳುವ ಮೊದಲು ಮಣಿಕಟ್ಟು ಹಿಂದಕ್ಕೆ ಬಾಗಿ ಸಡಿಲಾಗುವ ಆ ಚಿಕ್ಕ ಕ್ಷಣ, ಚರ್ಮದಿಂದ ಕೋಲು ತಿರುಗಿ ನೆಗೆಯುವಾಗ ಅಂಗೈಗೆ ಸಿಗುವ ಅದುರು, ಇವನ್ನು ಒಳಗಿನಿಂದ ಅನುಭವಿಸಬಹುದು. ಕೈಯ ಜಾಗದ ಅಲೆ ಸ್ಪಷ್ಟವಾಗಿ ಇಳಿಯುವುದು ಎರಡನೆಯ ಬಗೆಯಲ್ಲಿ. ನೊಯ್ಪರ್ ಮತ್ತು ಸಂಗಡಿಗರು 2005ರಲ್ಲಿ ಎರಡನ್ನೂ ಹೋಲಿಸಿದರು. ಹೊರಗಿನಿಂದ ನೋಡುವ ಕಲ್ಪನೆಯಲ್ಲಿ ಇಂಥ ಸ್ಪಷ್ಟ ಗುರುತು ಸಿಗಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಗುರುಗಳು ಶಿಷ್ಯರಿಗೆ ಮೊದಲು ಬಾಯಿತಾಳ ಕೂಡಿಸಿ ಆಮೇಲೆ ಕೋಲು ಕೊಡುವುದರಲ್ಲಿ ತಲೆಮಾರುಗಳ ಅನುಭವವಿದೆ ಎಂದು ನಾನು ಭಾವಿಸುತ್ತೇನೆ.

ಕಲ್ಪನೆಯ ಚಲನೆಗೆ ಸಮಯವೂ ಬೇಕು. ಮನೆಯ ಅಂಗಳದಿಂದ ತೋಟದ ಕೆರೆಯವರೆಗೆ ನಡೆಯುವುದನ್ನು ಕಣ್ಣು ಮುಚ್ಚಿ, ಹೆಜ್ಜೆ ಹೆಜ್ಜೆಯಾಗಿ ಕಲ್ಪಿಸಿಕೊಂಡು ಗಡಿಯಾರ ನೋಡಿ. ಬಳಿಕ ನಿಜವಾಗಿ ನಡೆದು ನೋಡಿ. ಎರಡೂ ಹತ್ತಿರ ಹತ್ತಿರ ಇರುತ್ತವೆ. ಫ್ರಾನ್ಸಿನ ಜಾನ್ ದೆಸೆತಿ 1989ರಲ್ಲಿ ಇದನ್ನು ಅಳೆದರು. 25 ಕಿಲೋ ಹೊರೆ ಬೆನ್ನಿಗೇರಿಸಿ ಕಲ್ಪನೆಯಲ್ಲಿ ನಡೆಸಿದಾಗ ಜನರಿಗೆ ಹೆಚ್ಚು ಹೊತ್ತು ಹಿಡಿಯಿತು. ಮಿದುಳು ಕಲ್ಪನೆಯಲ್ಲೂ ದೇಹದ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಹಾಗಾದರೆ ಕೈ ಯಾಕೆ ಅಲುಗುವುದಿಲ್ಲ? ಸಿದ್ಧತೆಯೆಲ್ಲ ನಡೆಯುತ್ತದೆ, ಬೆನ್ನುಹುರಿಯತ್ತ ಹೋಗುವ ಕೊನೆಯ ಆಜ್ಞೆಗೆ ತಡೆ ಬೀಳುತ್ತದೆ. ಆ ದಾರಿ ಪೂರ್ತಿ ಮಲಗಿರುವುದೂ ಇಲ್ಲ: ಕಲ್ಪಿಸಿಕೊಳ್ಳುತ್ತಿರುವವರ ತಲೆಗೆ ಹೊರಗಿನಿಂದ ಕಾಂತದ ಮಿಡಿತ ಕೊಟ್ಟರೆ, ಕಲ್ಪಿಸಿದ ಕೈಯ ಸ್ನಾಯು ಸುಮ್ಮನಿದ್ದ ಹೊತ್ತಿಗಿಂತ ಜೋರಾಗಿ ಎಗರುತ್ತದೆ.

ಚಲನೆಯ ಸಂಬಂಧವೇ ಇಲ್ಲದ ಮನಸ್ಸಿನ ಕೆಲಸಗಳಲ್ಲಿ ಚಿತ್ರ ಬದಲಾಗುತ್ತದೆ. ಚಾಲಿ ಅಡಿಕೆ 47 ಕಿಲೋ, ಕಿಲೋಗೆ 430 ರೂಪಾಯಿ. ಕಾಗದವಿಲ್ಲದೆ ಲೆಕ್ಕ ಹಾಕಿ. 47ನ್ನು 400ರಿಂದ ಗುಣಿಸಿ 18,800 ಎಂದು ನೆನಪಿನಲ್ಲಿಟ್ಟು, 30ರಿಂದ ಗುಣಿಸಿ 1,410 ತಂದು, ಮೊದಲಿನದ್ದು ಜಾರದಂತೆ ಹಿಡಿದು ಕೂಡಿಸಿದರೆ 20,210. ಈ ಹಿಡಿದಿಟ್ಟುಕೊಳ್ಳುವ ಹೊತ್ತಿನಲ್ಲಿ ಹಣೆಯ ಮೇಲ್ಭಾಗದ ನಡುವೆ ಸೆಕೆಂಡಿಗೆ 4ರಿಂದ 7ರ ನಿಧಾನದ ಅಲೆ ಏಳುತ್ತದೆ. ಅದಕ್ಕೆ ಥೀಟಾ ಎಂದು ಹೆಸರು. ಇದು ತಗ್ಗುವ ಅಲೆಯಲ್ಲ, ಕೆಲಸ ಹೆಚ್ಚಿದಷ್ಟೂ ಏರುವ ಅಲೆ. ಹಾಗಾಗಿ 'ಕೆಲಸ ಬಂದರೆ ಅಲೆ ಇಳಿಯುತ್ತದೆ' ಎಂಬ ಸೂತ್ರವನ್ನು ಎಲ್ಲೆಡೆಗೂ ಎಳೆಯಬಾರದು.

ಆಲ್ಫಾ ಕೂಡ ಬರಿಯ ವಿಶ್ರಾಂತಿಯ ಅಲೆಯಲ್ಲ. ಮೊದಲು ಹಾಗೆ ತಿಳಿದಿದ್ದರು. ಅಂಕಿಗಳನ್ನೋ ಅಕ್ಷರಗಳನ್ನೋ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದಾಗ ತಲೆಯ ಹಿಂಭಾಗದ ಆಲ್ಫಾ ಏರುವುದನ್ನು ಆಮೇಲಿನ ಪ್ರಯೋಗಗಳು ತೋರಿಸಿದವು, ಹೊರೆ ಹೆಚ್ಚಿದಂತೆ ಇನ್ನಷ್ಟು. ಒಳಗಿನ ಕೆಲಸಕ್ಕೆ ಅಡ್ಡಿ ಬಾರದಂತೆ ಕಣ್ಣಿನ ಕಡೆಯ ವ್ಯವಹಾರವನ್ನು ಮಿದುಳು ತಾನೇ ಅಡಗಿಸುತ್ತದೆ ಎಂಬುದು ಈಗ ಬಹಳ ಮಂದಿ ವಿಜ್ಞಾನಿಗಳು ಒಪ್ಪುವ ವಿವರಣೆ. ಕಷ್ಟದ ಲೆಕ್ಕ ಮಾಡುವವರು ಎದುರಿನವರ ಮುಖದಿಂದ ದೃಷ್ಟಿ ತೆಗೆದು ಮಾಡಿನತ್ತ ನೋಡುವುದು, ತಾಳಮದ್ದಳೆಯ ಅರ್ಥಧಾರಿ ಎದುರಾಳಿಯ ಮಾತಿಗೆ ಉತ್ತರ ಕಟ್ಟಿಕೊಳ್ಳುತ್ತ ಕಣ್ಣು ಅರೆಮುಚ್ಚುವುದು, ಇವನ್ನು ನೋಡುವಾಗ ನನಗೆ ಈ ವಿವರಣೆ ನೆನಪಾಗುತ್ತದೆ. ಇಲ್ಲೊಂದು ಎಚ್ಚರವೂ ಬೇಕು. ಅರ್ಥ ಹೇಳುತ್ತಿರುವವರ ತಲೆಗೇ ತಂತಿ ಜೋಡಿಸಿದರೆ ದವಡೆಯ, ಹಣೆಯ ಸ್ನಾಯುಗಳ ವಿದ್ಯುತ್ತು ಮಿದುಳಿನದ್ದನ್ನು ಮುಳುಗಿಸಿಬಿಡುತ್ತದೆ. ಒಂದು ಸಲ ಕಣ್ಣು ಮಿಟುಕಿಸಿದರೂ ಮಿದುಳಿನ ಅಲೆಗಿಂತ ದೊಡ್ಡ ಉಬ್ಬು ಮೂಡುತ್ತದೆ. ಹಾಗಾಗಿಯೇ ಇಂಥ ಪ್ರಯೋಗಗಳಲ್ಲಿ ಜನರನ್ನು ಕಲ್ಲಿನಂತೆ ಕೂರಿಸುವುದು.

ಕಲಿಯಲು ಮನಸ್ಸಿರುವ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ದಾರಿ ತೆರೆದಿದೆ. ಅಮೆರಿಕದಲ್ಲಿ 109 ಮಂದಿ ಸ್ವಯಂಸೇವಕರ ತಲೆಗೆ 64 ಬಿಲ್ಲೆ ಜೋಡಿಸಿ ತೆಗೆದ ದಾಖಲೆಗಳು ಫಿಸಿಯೋನೆಟ್ ಎಂಬ ಸಂಗ್ರಹದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಪರದೆಯ ಎಡಕ್ಕೋ ಬಲಕ್ಕೋ ಗುರುತು ಬಂದರೆ ಆ ಬದಿಯ ಮುಷ್ಟಿ ಬಿಚ್ಚಿ ಮಡಚುವುದು, ಮೇಲೆ ಬಂದರೆ ಎರಡೂ ಮುಷ್ಟಿ, ಕೆಳಗೆ ಬಂದರೆ ಎರಡೂ ಪಾದ. ಬಳಿಕ ಇವನ್ನೇ ಬರಿಯ ಕಲ್ಪನೆಯಲ್ಲಿ ಮಾಡುವುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದವರಾಗಲಿ, ಮಂಜೇಶ್ವರದ ಗೋವಿಂದ ಪೈ ಕಾಲೇಜಿನವರಾಗಲಿ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇದನ್ನು ಇಳಿಸಿಕೊಂಡು ನೋಡಬಹುದು. ಮೊದಲು ಒಂದು ನಿಮಿಷ ಕಣ್ಣು ತೆರೆದ, ಒಂದು ನಿಮಿಷ ಕಣ್ಣು ಮುಚ್ಚಿದ ದಾಖಲೆಗಳನ್ನು ತೆರೆದು ಬರ್ಗರ್ ಕಂಡ ಆಲ್ಫಾ ನಿಮಗೂ ಕಾಣುತ್ತದೆಯೇ ಎಂದು ಪರೀಕ್ಷಿಸಿ. ಅದು ಕಂಡ ಮೇಲೆ ಸಿ3, ಸಿ4ರತ್ತ ಹೋಗಿ. ಎಲ್ಲರಲ್ಲೂ ಪಠ್ಯಪುಸ್ತಕದಂಥ ಇಳಿತ ಸಿಗುವುದಿಲ್ಲ. ಕೆಲವರ ಮ್ಯೂ ತೀರ ಕ್ಷೀಣ.

ಈ ಇಳಿತವನ್ನೇ ಸ್ವಿಚ್ಚಿನ ಹಾಗೆ ಬಳಸಿದವರಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಜೊನಾಥನ್ ವೋಲ್ಪಾ ಮತ್ತು ಸಂಗಡಿಗರು 1991ರಲ್ಲಿ ಮ್ಯೂ ಅಲೆಯನ್ನು ಏರಿಸಿ ಇಳಿಸಿ ಪರದೆಯ ಮೇಲಿನ ಗುರುತನ್ನು ಸರಿಸಲು ಜನರಿಗೆ ಕಲಿಸಿದರು. ಗ್ರಾಜ್‌ನಲ್ಲಿ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಯುವಕನೊಬ್ಬ ಕಾಲು ಆಡಿಸುವುದನ್ನು ಕಲ್ಪಿಸಿಕೊಳ್ಳುತ್ತಿದ್ದ. ಆಗ ಏಳುವ ಬೀಟಾ ಅಲೆಯನ್ನು ಯಂತ್ರ ಗುರುತಿಸಿ ಅವನ ಕೈಯ ಸ್ನಾಯುಗಳಿಗೆ ವಿದ್ಯುತ್ ಕೊಡುತ್ತಿತ್ತು. ಕಾಲಿನ ಕಲ್ಪನೆಯಿಂದ ತನ್ನದೇ ಕೈಯಲ್ಲಿ ಲೋಟ ಹಿಡಿದ ಅವನ ವಿವರ 2003ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ಆದರೂ ಈ ಅಲೆಗಳಿಂದ ಯಾರ ಮನಸ್ಸಿನ ಮಾತನ್ನೂ ಓದಲು ಬರುವುದಿಲ್ಲ. ಎಡಗೈಯೋ ಬಲಗೈಯೋ ಎಂದು ಬೇರ್ಪಡಿಸುವುದಕ್ಕೇ ಎಷ್ಟೋ ಹೊತ್ತಿನ ತರಬೇತಿ ಬೇಕು. 'ಮಧ್ಯಮಿದುಳು ಜಾಗೃತಿ' ಎಂದು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿಸಿ ಹಣ ವಸೂಲು ಮಾಡುವ ಶಿಬಿರಗಳು ಆಲ್ಫಾ, ಥೀಟಾ ಎಂಬ ಹೆಸರುಗಳನ್ನು ಬಳಸುವಾಗ ನನಗೆ ಸಿಟ್ಟು ಬರುತ್ತದೆ. ಅಂಥ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ. ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ, ಸುಳ್ಳು ಪತ್ತೆ ಯಂತ್ರಕ್ಕೆ, ಮಿದುಳಿನ ಅಲೆಗಳ ಪರೀಕ್ಷೆಗೆ ಒಳಪಡಿಸಬಾರದು ಎಂದು ತೀರ್ಪು ಕೊಟ್ಟಿತು.

ಪಾರ್ಶ್ವವಾಯುವಿಗೆ ಬರುತ್ತೇನೆ. ಕೈಯನ್ನು ಆಳುವ ಮಿದುಳಿನ ಭಾಗಕ್ಕೆ ರಕ್ತ ನಿಂತು ಒಂದಿಷ್ಟು ಕೋಶಗಳು ಸತ್ತರೂ ಸುತ್ತಲಿನವು ಉಳಿದಿರಬಹುದು. ಕೈ ಕದಲಿಸಲಾಗದ ದಿನಗಳಲ್ಲೂ ಕಲ್ಪನೆಯ ಮೂಲಕ ಅವಕ್ಕೆ ಕೆಲಸ ಕೊಡಬಹುದು ಎಂಬುದೇ ಫಿಸಿಯೋಥೆರಪಿಯವರು 'ಮನಸ್ಸಿನಲ್ಲಿ ಮಾಡಿ ನೋಡಿ' ಎನ್ನುವುದರ ಹಿಂದಿರುವ ತರ್ಕ. ಕೆಲವು ದೇಶಗಳಲ್ಲಿ ಇದಕ್ಕೆ ಯಂತ್ರದ ನೆರವೂ ಇದೆ: ರೋಗಿ ಯತ್ನಿಸಿದಾಗ ಅಲೆಯ ಬದಲಾವಣೆಯನ್ನು ಗ್ರಹಿಸಿ ಕೈಗವಸಿನಂಥ ಉಪಕರಣ ಬೆರಳುಗಳನ್ನು ಬಿಡಿಸುತ್ತದೆ. ಅಂಥ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಅನುಮತಿ ನೀಡಿತು.

ಮನೆಯಲ್ಲಿ ಯಂತ್ರ ಬೇಡ, ಕ್ರಮ ಬೇಕು. ಚಿಕಿತ್ಸೆ ಕೊಡುವವರನ್ನು ಕೇಳಿ, ಅವರು ಹೇಳಿದ ವ್ಯಾಯಾಮದ ಜತೆಗೆ ಮಾಡಿ, ಬದಲಿಗೆ ಅಲ್ಲ. ಅಜ್ಜನಿಗೆ ಗೊತ್ತೇ ಇಲ್ಲದ ಕಸರತ್ತನ್ನು ಕಲ್ಪಿಸಿಕೊಳ್ಳಲು ಹೇಳುವುದಕ್ಕಿಂತ, ಬದುಕಿಡೀ ಮಾಡಿದ ಕೆಲಸವನ್ನು ಆರಿಸಿ: ಅಡಿಕೆ ಸುಲಿಯುವುದು, ಬೀಡಿ ಸುರುಟುವುದು, ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುವುದು. ಹೇಗೆ ಕಾಣುತ್ತದೆ ಎಂದು ಕೇಳಬೇಡಿ, ಹೇಗೆ ಅನ್ನಿಸುತ್ತದೆ ಎಂದು ಕೇಳಿ: ಸುಣ್ಣ ಬೆರಳತುದಿಗೆ ತಣ್ಣಗಿದೆಯೇ, ಎಲೆ ಹೆಬ್ಬೆರಳಿನಡಿ ಜಾರುತ್ತಿದೆಯೇ? ಅವಸರ ಬೇಡ, ನಿಜವಾದ ಕೆಲಸಕ್ಕೆ ಬೇಕಾಗುವಷ್ಟೇ ಹೊತ್ತು ಕಲ್ಪನೆಗೂ ಕೊಡಿ. ಹತ್ತಾರು ನಿಮಿಷ ಎಳೆಯದೆ, ದಣಿವು ಕಂಡೊಡನೆ ನಿಲ್ಲಿಸಿ. ಪ್ರತಿ ಕಲ್ಪನೆಯ ಬೆನ್ನಿಗೇ ಆ ಕೈಯನ್ನು ನಿಜವಾಗಿ ಅಲುಗಿಸಲು ಯತ್ನಿಸಲಿ, ಬೆರಳು ಕೂದಲೆಳೆಯಷ್ಟೇ ಸರಿದರೂ ಸರಿ, ಸರಿಯದಿದ್ದರೂ ಸರಿ.